ಸಾಲ ತಗೊಂಡಿದ್ದೀರಿ, ಮಾನ ಅಡ ಇಟ್ಟಿಲ್ಲ

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ಗೋಳು: ಸಾಲ ವಸೂಲಿಯವರ ಕಾಟ. ಹಾಗಾಗಿ ಎಫ್‌ಡಿ, ಪಿಂಚಣಿ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು, ಪೂರ್ತಿ ಜಾಗವನ್ನು ಇದಕ್ಕೇ ಕೊಟ್ಟಿದ್ದೇನೆ. ಬರೆದವರ ಹೆಸರು ಹಾಕಿಲ್ಲ. ಬ್ಯಾಂಕಿನಲ್ಲಿದ್ದಾಗ ನಾನು ಹೆಚ್ಚು ವರ್ಷ ಕೂತಿದ್ದು ವಸೂಲಿ ವಿಭಾಗದಲ್ಲೇ. ಕೊಟ್ಟ ಹಣ ವಾಪಸ್ ಕೇಳುವುದು ತಪ್ಪಲ್ಲ ಎಂದು ನಂಬಿದವಳು. ಅದಕ್ಕೇ ಈ ಪತ್ರಗಳನ್ನು ಓದಿ ಹೊಟ್ಟೆ ಉರಿಯಿತು. ಇದಕ್ಕೆ ವಸೂಲಿ ಅನ್ನೋ ಹೆಸರು ಕೊಡಲು ನನಗೆ ಮನಸ್ಸಿಲ್ಲ. ಇದು ಸುಲಿಗೆ.

ಪ್ರಶ್ನೆ: ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ಸಂಬಳ 17 ಸಾವಿರ. ತಿಂಗಳ ಕೊನೆಯಲ್ಲಿ ಮಗುವಿಗೆ ಜ್ವರ ಬಂತು. ಕೈಯಲ್ಲಿ ಹಣ ಇರಲಿಲ್ಲ. ಫೋನಿನಲ್ಲಿ ಜಾಹೀರಾತು ನೋಡಿ ಒಂದು ಆ್ಯಪ್‌ನಲ್ಲಿ 5,000 ಸಾಲ ಕೇಳಿದೆ. ಖಾತೆಗೆ ಬಂದದ್ದು 3,100. ಏಳು ದಿನಕ್ಕೆ 5,000 ಕಟ್ಟಬೇಕು. ಆರನೇ ದಿನವೇ ಫೋನ್ ಶುರುವಾಯಿತು. ಅದನ್ನು ಕಟ್ಟಲು ಅವರೇ ತೋರಿಸಿದ ಇನ್ನೊಂದು ಆ್ಯಪ್‌ನಲ್ಲಿ ತೆಗೆದೆ. ಈಗ ಆರು ಆ್ಯಪ್, 60 ಸಾವಿರ ದಾಟಿದೆ. ಬೆಳಿಗ್ಗೆ ಆರಕ್ಕೇ ಫೋನ್ ಮಾಡಿ ಅಮ್ಮನ ಹೆಸರು ಹಿಡಿದು ಬೈಯುತ್ತಾರೆ. ಊರಿನ ಜಮೀನು ಮಾರಿ ಕಟ್ಟಿಬಿಡೋಣ ಅನಿಸುತ್ತಿದೆ. — ತುಮಕೂರು

ಉತ್ತರ: ಜಮೀನು ಮಾರಬೇಡಿ. ಬೇರೆಲ್ಲ ಆಮೇಲೆ, ಮೊದಲು ಇದು.

ಒಂದು ಲೆಕ್ಕ ಹಾಕೋಣ. ನಿಮ್ಮ ಕೈಗೆ ಬಂದದ್ದು 3,100. ವಾರದ ನಂತರ ಅವರು ಕೇಳಿದ್ದು 5,000. ಅಂದರೆ 3,100ಕ್ಕೆ 1,900 ಬಡ್ಡಿ. ನೂರಕ್ಕೆ ವಾರಕ್ಕೆ 61 ರೂಪಾಯಿ! ನಮ್ಮ ಕಡೆ ಮೀಟರ್ ಬಡ್ಡಿಯವರು ನೂರಕ್ಕೆ ತಿಂಗಳಿಗೆ ಹತ್ತು ರೂಪಾಯಿ ಅಂದರೆ ಜನ ಬೆಚ್ಚಿಬೀಳುತ್ತಾರೆ. ಇದನ್ನು ವರ್ಷದ ಲೆಕ್ಕಕ್ಕೆ ತಂದರೆ ಶೇ 3,000 ದಾಟುತ್ತದೆ. ‘ಪ್ರೊಸೆಸಿಂಗ್ ಫೀ’ ಅಂತ ಮೊದಲೇ ಮುರಿದುಕೊಂಡದ್ದೂ ಬಡ್ಡಿಯೇ. ಹೆಸರು ಬೇರೆ, ಅಷ್ಟೇ. ಇಂಥ ಸಾಲವನ್ನು 17 ಸಾವಿರ ಸಂಬಳದಲ್ಲಿ ಯಾರೂ ತೀರಿಸಲಾರರು. ತೀರಬಾರದು ಅಂತಲೇ ಅವರು ಲೆಕ್ಕ ಹಾಕಿರುತ್ತಾರೆ. ಇಲ್ಲದಿದ್ದರೆ ಕಟ್ಟಲಾಗದವನಿಗೆ ಎರಡನೇ ಆ್ಯಪ್ ತೋರಿಸುವ ಅಗತ್ಯ ಏನಿತ್ತು? ಎಷ್ಟೋ ಸಲ ಆರೂ ಆ್ಯಪ್‌ಗಳ ಹಿಂದೆ ಇರುವವರು ಒಬ್ಬರೇ.

ಈಗ ಪತ್ತೆ ಮಾಡಬೇಕಾದ್ದು, ಈ ಆರರಲ್ಲಿ ಯಾವುದಾದರೂ ಅಸಲಿ ಇದೆಯಾ ಅಂತ. ರಿಸರ್ವ್ ಬ್ಯಾಂಕ್ ತನ್ನ ವೆಬ್‌ಸೈಟಿನಲ್ಲಿ ಡಿಜಿಟಲ್ ಸಾಲದ ಆ್ಯಪ್‌ಗಳ ಪಟ್ಟಿ ಹಾಕಿದೆ. ಯಾವ ಆ್ಯಪ್ ಯಾವ ಬ್ಯಾಂಕಿನದು, ಯಾವ ಫೈನಾನ್ಸ್ ಕಂಪನಿಯದು ಅಂತ ಅದರಲ್ಲಿ ಇರುತ್ತದೆ. ಅಸಲಿ ಆ್ಯಪ್ ಆದರೆ ಸಾಲಕ್ಕೆ ಮೊದಲು ವಾರ್ಷಿಕ ಬಡ್ಡಿ, ಎಲ್ಲ ಶುಲ್ಕ ಬರೆದ ಹಾಳೆಯೊಂದನ್ನು ಕೊಡಲೇಬೇಕು. ಬೇಡ ಅನಿಸಿದರೆ ಕನಿಷ್ಠ ಒಂದು ದಿನದೊಳಗೆ ದಂಡ ಇಲ್ಲದೆ ಸಾಲ ವಾಪಸ್ ಮಾಡಲು ಅವಕಾಶ ಇರಬೇಕು. ಹಣ ಕಂಪನಿಯ ಖಾತೆಯಿಂದ ನೇರ ನಿಮ್ಮ ಖಾತೆಗೆ ಬರಬೇಕು, ವಾಪಸ್ ಕಟ್ಟುವಾಗಲೂ ನೇರ ಅಲ್ಲಿಗೇ ಹೋಗಬೇಕು. ನಿಮ್ಮ ಫೋನಿನ ಕಾಂಟ್ಯಾಕ್ಟ್ ಲಿಸ್ಟ್, ಫೋಟೊ, ಕಾಲ್ ಲಾಗ್ ಮುಟ್ಟುವ ಹಾಗೇ ಇಲ್ಲ. 2022ರ ಸೆಪ್ಟೆಂಬರ್‌ನಿಂದ ಈ ನಿಯಮಗಳು ಇವೆ, 2025ರ ಮೇನಲ್ಲಿ ಇನ್ನೊಮ್ಮೆ ಒಟ್ಟು ಮಾಡಿ ಹೊರಡಿಸಿದ್ದಾರೆ. ನಿಮ್ಮ ಆ್ಯಪ್ ಕಾಂಟ್ಯಾಕ್ಟ್ ಕೇಳಿತ್ತು, ಪ್ರತಿ ಸಲ ಬೇರೆ ಯಾರದ್ದೋ ಯುಪಿಐ ಐಡಿಗೆ ಹಣ ಹಾಕಿಸಿಕೊಂಡಿತ್ತು ಅಂದರೆ ಅದು ಕಳ್ಳ ಆ್ಯಪ್. ಹೆಚ್ಚು ಯೋಚನೆ ಬೇಡ. 2021ರಲ್ಲಿ ರಿಸರ್ವ್ ಬ್ಯಾಂಕಿನ ಒಂದು ಸಮಿತಿ ಹುಡುಕಿದಾಗ ಸುಮಾರು 1,100 ಸಾಲದ ಆ್ಯಪ್‌ಗಳಲ್ಲಿ 600 ಅಕ್ರಮವೇ ಆಗಿದ್ದವು.

ಕಳ್ಳ ಆ್ಯಪ್‌ಗೆ ಇನ್ನು ಒಂದು ರೂಪಾಯಿಯನ್ನೂ ಹೆದರಿ ಹಾಕಬೇಡಿ. ಹಾಕಿದಷ್ಟೂ ‘ಈ ನಂಬರ್ ಹೆದರುತ್ತದೆ’ ಅಂತ ಅವರ ಪಟ್ಟಿಯಲ್ಲಿ ನಿಮ್ಮ ಹೆಸರು ಮೇಲೆ ಹೋಗುತ್ತದೆ. ಕೋರ್ಟಿಗೆ ಹೋಗುವ ಧೈರ್ಯ ಅವರಿಗೆ ಇಲ್ಲ. ಇರುವುದು ಫೋನ್ ಒಂದೇ.

ಆ್ಯಪ್ ಅಳಿಸುವ ಮೊದಲು ಎಲ್ಲದರ ಸ್ಕ್ರೀನ್‌ಶಾಟ್ ತೆಗೆಯಿರಿ. ಸಾಲದ ಪುಟ, ಹಣ ಬಂದ ಎಸ್ಸೆಮ್ಮೆಸ್, ನೀವು ಹಾಕಿದ ಯುಪಿಐ ಐಡಿಗಳು, ಬೈದ ನಂಬರ್‌ಗಳು, ವಾಟ್ಸ್‌ಆ್ಯಪ್ ವಾಯ್ಸ್ ಮೆಸೇಜ್‌ಗಳು. ಸಿಟ್ಟಿನಲ್ಲಿ ಯಾವುದನ್ನೂ ಡಿಲೀಟ್ ಮಾಡಬೇಡಿ. ಆಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ ಪರ್ಮಿಶನ್ ತೆಗೆದು, ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿ. ಬ್ಯಾಂಕಿಗೆ ಹೋಗಿ ಅವರ ಹೆಸರಿನಲ್ಲಿ ಆಟೊ ಪೇ ಇದ್ದರೆ ನಿಲ್ಲಿಸಿ. ನಂಬರ್‌ಗಳನ್ನು ಅವರು ಈಗಾಗಲೇ ಎತ್ತಿಕೊಂಡಿರುತ್ತಾರೆ, ಅದಕ್ಕೆ ಒಂದೇ ದಾರಿ: ಅವರಿಗಿಂತ ಮೊದಲು ನೀವೇ ಎಲ್ಲರಿಗೂ ಹೇಳುವುದು. ಹೀಗೆ ಬರೆದು ಕಳಿಸಿ:

‘ನನ್ನ ಫೋನಿನಲ್ಲಿದ್ದ ನಂಬರ್‌ಗಳನ್ನು ಒಂದು ಸಾಲದ ಆ್ಯಪ್ ಕದ್ದಿದೆ. ನನ್ನ ಬಗ್ಗೆ ಕೆಟ್ಟ ಮೆಸೇಜ್, ಫೋಟೊ ಬಂದರೆ ನಂಬಬೇಡಿ. ಹಣ ಕಳಿಸಬೇಡಿ. ಸ್ಕ್ರೀನ್‌ಶಾಟ್ ತೆಗೆದು ನನಗೆ ಕಳಿಸಿ, ಆಮೇಲೆ ಬ್ಲಾಕ್ ಮಾಡಿ. ಪೊಲೀಸರಿಗೆ ದೂರು ಕೊಡುತ್ತಿದ್ದೇನೆ.’

ಇಷ್ಟು ಸಾಕು. ಜಾಸ್ತಿ ವಿವರಣೆ ಬೇಡ. ಈ ಮೆಸೇಜ್ ಹೋದ ಮೇಲೆ ಅವರ ಕೈಯಲ್ಲಿದ್ದ ದೊಡ್ಡ ಅಸ್ತ್ರ ಮುರಿದ ಹಾಗೆ. ನಂತರ 1930ಕ್ಕೆ ಫೋನ್ ಮಾಡಿ ಅಥವಾ ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ಹಾಕಿ. ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸೆನ್ ಪೊಲೀಸ್ ಠಾಣೆಗೆ ಪ್ರಿಂಟ್ ತೆಗೆದುಕೊಂಡು ಹೋಗಿ. ಅಕ್ರಮ ಸಾಲದವರ ಬಗ್ಗೆ ರಿಸರ್ವ್ ಬ್ಯಾಂಕಿನ ‘ಸಚೇತ್’ ಪೋರ್ಟಲ್‌ನಲ್ಲೂ ಬರೆಯಬಹುದು.

ಆರರಲ್ಲಿ ಒಂದೆರಡು ಅಸಲಿ ಕಂಪನಿಯದ್ದಾದರೆ ಮಾತು ಬೇರೆ. ಅದು ಕಟ್ಟಬೇಕಾದ ಸಾಲ. ಆದರೂ 2022ರ ಆಗಸ್ಟ್ 12ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಪ್ರಕಾರ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ಬಾಕಿಗಾಗಿ ಫೋನ್ ಮಾಡುವಂತಿಲ್ಲ. ಬೈಯುವಂತಿಲ್ಲ, ಮನೆಯವರನ್ನು, ಸ್ನೇಹಿತರನ್ನು ಎಳೆಯುವಂತಿಲ್ಲ. ಯಾವ ಏಜೆಂಟ್ ಬರುತ್ತಾನೆ ಅಂತ ಮೊದಲೇ ನಿಮಗೆ ತಿಳಿಸಿರಬೇಕು. ಕಂಪನಿಯ ದೂರು ಅಧಿಕಾರಿಗೆ ಇಮೇಲ್‌ನಲ್ಲಿ ಬರೆಯಿರಿ, ಕಂತು ಕಡಿಮೆ ಮಾಡಿ ಅವಧಿ ಜಾಸ್ತಿ ಮಾಡಲು ಕೇಳಿ. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ಇಂಥ ದೂರು ಕೇಳಲೆಂದೇ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್ ಇದ್ದಾರೆ. ಖರ್ಚಿಲ್ಲ, ವಕೀಲರೂ ಬೇಡ. ಮಾಹಿತಿಗೆ 14448.

ಇನ್ನೊಂದು. ಇಷ್ಟು ಉದ್ದದ ಪತ್ರದಲ್ಲಿ ಹೆಂಡತಿಯ ಮಾತೇ ಬಂದಿಲ್ಲ. ಅವರಿಗೆ ಗೊತ್ತಿಲ್ಲ ಅಲ್ವಾ? ಇವತ್ತೇ ಹೇಳಿ. ಆರು ಗಂಟೆಯ ಫೋನಿಗೆ ಒಬ್ಬರೇ ಹೆದರಿ ಕೂರುವುದಕ್ಕೂ, ಇಬ್ಬರು ಸೇರಿ ಸ್ಪೀಕರ್‌ಗೆ ಹಾಕಿ ರೆಕಾರ್ಡ್ ಮಾಡುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಪ್ರಶ್ನೆ: ವಾಟ್ಸ್‌ಆ್ಯಪ್‌ಗೆ ಒಂದು ಕೋರ್ಟ್ ನೋಟಿಸ್ ಬಂದಿದೆ. ಮೇಲೆ ಅಶೋಕ ಸ್ತಂಭ, ಕೆಳಗೆ ಕೆಂಪು ಸೀಲು. ‘ಐಪಿಸಿ 420ರಲ್ಲಿ ಕೇಸ್ ಆಗಿದೆ, ಎರಡು ಗಂಟೆಯಲ್ಲಿ ಕಟ್ಟದಿದ್ದರೆ ಅರೆಸ್ಟ್’ ಅಂತ ಇದೆ. ಕಳಿಸಿದವನ ಡಿಪಿಯಲ್ಲಿ ಪೊಲೀಸ್ ಟೋಪಿ. ಹೋದ ತಿಂಗಳು ತೆಗೆದ ಸಾಲ, ಒಂದೇ ಕಂತು ತಪ್ಪಿದೆ. ಕೈಕಾಲು ನಡುಗುತ್ತಿದೆ. — ಶಿವಮೊಗ್ಗ

ಉತ್ತರ: 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹೋದ ತಿಂಗಳ ಸಾಲಕ್ಕೆ ಐಪಿಸಿ 420 ಹಾಕುವ ಕೋರ್ಟ್ ಈ ದೇಶದಲ್ಲಿ ಇಲ್ಲ. ಅವರಿಗೆ ಹಳೇ ಪಿಡಿಎಫ್‌ನಲ್ಲಿ ಹೆಸರು ಬದಲಿಸುವಷ್ಟೇ ಪುರುಸೊತ್ತು. ಯಾವ ಕೋರ್ಟೂ ‘ಎರಡು ಗಂಟೆ’ ಅನ್ನುವುದಿಲ್ಲ, ಯಾವ ಜಡ್ಜೂ ಕ್ಯೂಆರ್ ಕೋಡ್ ಕಳಿಸುವುದಿಲ್ಲ.

ಕಂತು ಕಟ್ಟಲಾಗಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಪೊಲೀಸರು ಹಿಡಿಯುವಂತಿಲ್ಲ. ಅದು ಸಿವಿಲ್ ವಿಷಯ. ಆದರೆ ಒಂದು ಎಚ್ಚರ: ನೀವು ಕೊಟ್ಟ ಚೆಕ್ ಬೌನ್ಸ್ ಆಗಿದ್ದರೆ, ಅಥವಾ ಖಾತೆಯಿಂದ ತಾನಾಗಿ ಕಡಿತವಾಗುವ ಇಎಂಐ ಹಣವಿಲ್ಲದೆ ವಾಪಸಾಗಿದ್ದರೆ, ಸಾಲ ಕೊಟ್ಟವರು ಕ್ರಿಮಿನಲ್ ಕೇಸ್ ಹಾಕಬಹುದು. ಅದಕ್ಕೂ ಮೊದಲು ಲಿಖಿತ ನೋಟಿಸ್ ಕೊಟ್ಟು, ಅದು ಕೈ ಸೇರಿದ ಮೇಲೆ 15 ದಿನ ಸಮಯ ಕೊಡಬೇಕು. ಅಂಥ ನೋಟಿಸ್ ಬಂದರೆ ಮೂಲೆಗೆ ಎಸೆಯಬೇಡಿ, ತಾಲ್ಲೂಕು ಕಾನೂನು ಸೇವಾ ಸಮಿತಿಗೆ ತೆಗೆದುಕೊಂಡು ಹೋಗಿ. ಸಹಾಯವಾಣಿ 15100. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರು ಉಚಿತ.

ನಿಮಗೆ ಬಂದದ್ದು ಮಾತ್ರ ಬರೀ ಬೆದರಿಕೆ. ಪೊಲೀಸ್ ವೇಷ ಹಾಕಿ ಹೆದರಿಸುವುದು ಅವರ ಮೇಲೇ ಕೇಸ್ ಆಗುವ ಅಪರಾಧ. ಸ್ಕ್ರೀನ್‌ಶಾಟ್ ಇಟ್ಟುಕೊಂಡು ದೂರು ಕೊಡಿ.

ಪ್ರಶ್ನೆ: ನಾಲ್ಕು ಸಂಘದಲ್ಲಿ ಸಾಲ ಇದೆ ಅಮ್ಮಾ. ಮಗಳ ಮದುವೆಗೆ ಒಂದು, ಅದನ್ನು ತೀರಿಸಲು ಇನ್ನೊಂದು, ಹೀಗೇ ಆಯಿತು. ಇಬ್ಬರೂ ಕೂಲಿ ಮಾಡಿ ತಿಂಗಳಿಗೆ 15 ಸಾವಿರ ಬಂದರೆ ಹೆಚ್ಚು. ಕಂತೇ 11 ಸಾವಿರ. ಎರಡು ವಾರದಿಂದ ಕಟ್ಟಿಲ್ಲ. ವಸೂಲಿಯವರು ರಾತ್ರಿ ಒಂಬತ್ತಾದರೂ ಜಗಲಿ ಬಿಟ್ಟು ಏಳುವುದಿಲ್ಲ. ಗುಂಪಿನ ಹೆಂಗಸರನ್ನು ಕರೆತಂದು ಬಾಗಿಲಿಗೆ ಕೂರಿಸುತ್ತಾರೆ. ‘ಈ ಮನೆ ಸಾಲಕ್ಕೆ ಅಡ ಇದೆ’ ಅಂತ ಗೋಡೆ ಮೇಲೆ ಬಣ್ಣದಲ್ಲಿ ಬರೆದು ಹೋದರು. ‘ನೀನು ಸತ್ತರೆ ಇನ್ಶೂರೆನ್ಸ್‌ನಲ್ಲಿ ಸಾಲ ತೀರುತ್ತೆ, ಸಾಯಿ’ ಅಂದ ಒಬ್ಬ ಹುಡುಗ. ಮನೆಗೆ ಬೀಗ ಹಾಕಿ ಎಲ್ಲಿಗಾದರೂ ಹೋಗೋಣ ಅಂತಾರೆ ಯಜಮಾನರು. — ಕೊಳ್ಳೇಗಾಲ ತಾಲ್ಲೂಕು

ಉತ್ತರ: ತಾಯಿ, ನಿಮ್ಮ ಪತ್ರವನ್ನು ಯಾರೋ ಶಾಲೆ ಮಕ್ಕಳ ಕೈಲಿ ಬರೆಸಿದ್ದೀರಿ ಅಂತ ಅಕ್ಷರ ನೋಡಿದರೇ ಗೊತ್ತಾಗುತ್ತದೆ. ಆ ಮಗುವಿಗೇ ಈ ಉತ್ತರ ಓದಿ ಹೇಳಲು ಹೇಳಿ.

ಆ ಹುಡುಗ ಆಡಿದ ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಡಿ, ಆದರೆ ಮರೆಯಲೂ ಬೇಡಿ. ಯಾವ ದಿನ, ಎಷ್ಟು ಹೊತ್ತಿಗೆ, ಯಾರ ಎದುರು ಅಂದ ಅಂತ ನೋಟ್‌ಬುಕ್ಕಿನಲ್ಲಿ ಬರೆಸಿಡಿ. ಅದು ದೂರಿನ ಮೊದಲ ಸಾಲು. ನಿಮಗಾಗಲಿ ಯಜಮಾನರಿಗಾಗಲಿ ಬದುಕು ಸಾಕು ಅನ್ನುವ ಯೋಚನೆ ಬಂದಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಈಗ ಲೆಕ್ಕ. ರಿಸರ್ವ್ ಬ್ಯಾಂಕಿನ 2022ರ ನಿಯಮ ಪ್ರಕಾರ ಕಿರು ಸಾಲ (ನಿಮ್ಮ ಸಂಘದ ಸಾಲದಂಥ ಮೈಕ್ರೊಫೈನಾನ್ಸ್ ಸಾಲ) ಕೊಡುವಾಗ ಮನೆಯ ಎಲ್ಲ ಸಾಲದ ಕಂತು ಸೇರಿ ಮನೆ ಆದಾಯದ ಅರ್ಧ ದಾಟಬಾರದು. ನಿಮ್ಮದು 15 ಸಾವಿರ, ಅರ್ಧ ಅಂದರೆ 7,500. ಕಂತು 11 ಸಾವಿರಕ್ಕೆ ಹೋಗುವ ತನಕ ಕೊಡುತ್ತಾ ಹೋದವರು ಯಾರು? ಟಾರ್ಗೆಟ್ ಮುಟ್ಟಲು ಕಣ್ಣು ಮುಚ್ಚಿ ಕೊಟ್ಟು, ಈಗ ಜಗಲಿಯಲ್ಲಿ ಕೂತು ನಿಮ್ಮನ್ನು ಕಳ್ಳಿ ಅನ್ನುವುದು ಯಾವ ನ್ಯಾಯ?

ಕಿರು ಸಾಲಕ್ಕೆ ಅಡಮಾನವೇ ಇಲ್ಲ. ಅಡ ಇಲ್ಲದೆ ಕೊಡುವ ಸಾಲವೇ ಅದು. ಹಾಗಿರುವಾಗ ‘ಮನೆ ಅಡ ಇದೆ’ ಅಂತ ಗೋಡೆಗೆ ಬರೆದದ್ದು ಶುದ್ಧ ಸುಳ್ಳು. ಬರಹದ ಫೋಟೊ ತೆಗೆಸಿ, ಆಮೇಲೆ ಸುಣ್ಣ ಬಳಿಯಿರಿ. ವಸೂಲಿ ಮಾಡಬೇಕಾದ್ದು ಇಬ್ಬರೂ ಒಪ್ಪಿದ ಜಾಗದಲ್ಲಿ. ಸತತ ಎರಡು ಸಲ ನೀವು ಅಲ್ಲಿಗೆ ಹೋಗದಿದ್ದರೆ ಮಾತ್ರ ಮನೆಗೆ ಬರಬಹುದು. ಹಾಗಾಗಿ ಕೈಯಲ್ಲಿ ಹಣ ಇಲ್ಲದಿದ್ದರೂ ಮೀಟಿಂಗಿಗೆ ಹೋಗಿ ‘ಈ ವಾರ ಆಗಲ್ಲ’ ಅಂತ ಹೇಳಿ ಬನ್ನಿ. ತಲೆ ತಗ್ಗಿಸಬೇಕಾಗಿಲ್ಲ. ಫೋನ್ ಮಾಡುವುದಿದ್ದರೆ ಬೆಳಿಗ್ಗೆ 9ರಿಂದ ಸಂಜೆ 6ರ ಒಳಗೆ. ರಾತ್ರಿ ಒಂಬತ್ತರವರೆಗೆ ಜಗಲಿ ಮೇಲೆ ಕೂರಲು ಅವರಿಗೆ ಯಾರೂ ಅಧಿಕಾರ ಕೊಟ್ಟಿಲ್ಲ.

ನಾವೂ ಹಳ್ಳಿಗೆ ವಸೂಲಿಗೆ ಹೋಗುತ್ತಿದ್ದೆವು. ಕೂತು, ನೀರು ಕುಡಿದು, ಮಳೆ ಬೆಳೆ ವಿಚಾರಿಸಿದ ಮೇಲೆ ಸಾಲದ ಮಾತು. ಪಕ್ಕದ ಮನೆಯವರು ಬಂದರೆ ಮಾತು ಬದಲಿಸುತ್ತಿದ್ದೆವು. ಮಾನ ಉಳಿದರೆ ಮನುಷ್ಯ ಕಟ್ಟುತ್ತಾನೆ ಅನ್ನೋದು ನಮ್ಮ ಹಿರಿಯ ಅಧಿಕಾರಿಗಳು ಕಲಿಸಿದ ಪಾಠ.

2025ರ ಜನವರಿಯಲ್ಲಿ ನಿಮ್ಮ ಚಾಮರಾಜನಗರ ಜಿಲ್ಲೆಯಲ್ಲೇ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ಬಂದಿತ್ತು. ಆಮೇಲೆ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ಸಾಲಗಾರರನ್ನು, ಮನೆಯವರನ್ನು ಅವಮಾನ ಮಾಡುವುದು, ಹಿಂದೆ ಬೀಳುವುದು, ಮನೆಗೆ ಪದೇ ಪದೇ ನುಗ್ಗುವುದು, ರೌಡಿಗಳನ್ನು ಬಿಡುವುದು, ಸರ್ಕಾರಿ ಸೌಲಭ್ಯದ ಕಾಗದ ಕಿತ್ತುಕೊಳ್ಳುವುದು, ಎಲ್ಲವೂ ಅಪರಾಧ. ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಸಾಲ ಮನ್ನಾ ಆಯಿತು ಅಂತ ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಸಂಸ್ಥೆಯ ಸಾಲ ಉಳಿದೇ ಇರುತ್ತದೆ. ನಿಂತದ್ದು ದಬ್ಬಾಳಿಕೆಗೆ ಇದ್ದ ಸಲಿಗೆ.

ಮನೆ ಬಿಟ್ಟು ಹೋಗಬೇಡಿ. ಗುಂಪಿನ ಹೆಂಗಸರ ಜತೆ ಒಂದು ಸಲ ಕೂತು ಮಾತಾಡಿ. ಅವರೂ ನಿಮ್ಮ ಹಾಗೆ ಸಿಕ್ಕಿಕೊಂಡವರೇ, ನಿಮ್ಮ ಕಂತು ತಮ್ಮ ತಲೆಗೆ ಬರುತ್ತದೆ ಅನ್ನೋ ಭಯಕ್ಕೆ ಬಂದು ಕೂತಿರುತ್ತಾರೆ. ನಾಲ್ಕೂ ಸಂಸ್ಥೆಗೆ ಅರ್ಜಿ ಕೊಡಿ: ಆದಾಯ ಇಷ್ಟು, ಕಂತು ಇಷ್ಟು, ತಿಂಗಳಿಗೆ ಇಷ್ಟು ಕಟ್ಟಬಲ್ಲೆವು, ಅವಧಿ ಜಾಸ್ತಿ ಮಾಡಿ ಅಂತ. ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಗೋಡೆಯ ಫೋಟೊ, ನೋಟ್‌ಬುಕ್ ಹಿಡಿದು ಠಾಣೆಗೆ ಹೋಗಿ, ಜಿಲ್ಲಾಧಿಕಾರಿ ಕಚೇರಿಗೂ ಒಂದು ಅರ್ಜಿ ಕೊಡಿ. ರಾತ್ರಿ ಬಂದು ಗಲಾಟೆ ಮಾಡಿದರೆ 112.

ಪ್ರಶ್ನೆ: ಅಕ್ಕಾ, ನಾನು ಪದವಿ ಓದುತ್ತಿದ್ದೇನೆ, 21 ವರ್ಷ. ಪರೀಕ್ಷೆ ಫೀಸಿಗೆ 2,000 ಆ್ಯಪ್ ಸಾಲ ತೆಗೆದೆ. ಎರಡು ಪಟ್ಟು ಕಟ್ಟಿದ್ದೇನೆ. ಆದರೂ ಇನ್ನೂ ಬೇಕು ಅಂತ ನನ್ನ ಮುಖವನ್ನು ಬೇರೆ ಬೆತ್ತಲೆ ಫೋಟೊಗೆ ಅಂಟಿಸಿ ನನಗೆ, ನಮ್ಮ ಸೋದರಮಾವನಿಗೆ ಕಳಿಸಿದ್ದಾರೆ. ಅಪ್ಪನಿಗೆ ಗೊತ್ತಾದರೆ ಕಾಲೇಜು ಬಿಡಿಸುತ್ತಾರೆ. — ಹುಬ್ಬಳ್ಳಿ

ಉತ್ತರ: ತಂಗಿ, ಆ ಫೋಟೊದಲ್ಲಿ ಇರುವುದು ನೀನಲ್ಲ. ಅದನ್ನು ಮಾಡಿದವನ ಹೊಲಸು ಅದು. ನಾಚಿಕೆ ಅವನಿಗಿರಲಿ.

ಇನ್ನು ಹಣ ಹಾಕಬೇಡ. ಹಾಕಿದರೆ ಫೋಟೊ ಅಳಿಸುತ್ತಾರೆ ಅನ್ನುವುದು ಸುಳ್ಳು, ನಾಳೆ ಇನ್ನೊಂದು ಬರುತ್ತದೆ. ಮೆಸೇಜ್, ನಂಬರ್ ಅಳಿಸದೆ ಇಟ್ಟುಕೊ. ನಿನ್ನ ಮಾವನಿಗೂ ಅವರಿಗೆ ಬಂದದ್ದನ್ನು ಇಟ್ಟುಕೊಂಡು, ಯಾರಿಗೂ ಫಾರ್ವರ್ಡ್ ಮಾಡದೆ ಇರಲು ಹೇಳು. 1930ಕ್ಕೆ ದೂರು ಕೊಡು. ಪೋರ್ಟಲ್‌ನಲ್ಲಿ ಹೆಣ್ಣುಮಕ್ಕಳ ಮೇಲಿನ ಇಂಥ ಅಪರಾಧಕ್ಕೆ ಬೇರೆಯೇ ವಿಭಾಗ ಇದೆ, ಹೆಸರು ಹೇಳದೆಯೂ ದೂರು ಹಾಕಬಹುದು. ಯಾವ ಠಾಣೆಗೆ ಬೇಕಾದರೂ ಹೋಗು. ‘ನಮ್ಮ ವ್ಯಾಪ್ತಿಗೆ ಬರಲ್ಲ’ ಅಂದರೆ ‘ಝೀರೊ ಎಫ್‌ಐಆರ್ ಮಾಡಿ ಸಾರ್’ ಅನ್ನು. ಅದು ಅವರು ಮಾಡಲೇಬೇಕಾದ ಕೆಲಸ. ಒಬ್ಬಳೇ ಹೋಗಲು ಭಯ ಆದರೆ 181 ಮಹಿಳಾ ಸಹಾಯವಾಣಿಗೆ ಮಾತಾಡು. ಫೇಸ್‌ಬುಕ್, ಇನ್‌ಸ್ಟಾಗ್ರಾಂಗೆ ಆ ಫೋಟೊ ಏರದಂತೆ ತಡೆಯಲು ‘ಸ್ಟಾಪ್ ಎನ್‌ಸಿಐಐ’ ಅನ್ನುವ ಉಚಿತ ವ್ಯವಸ್ಥೆ ಇದೆ. ಅದರಲ್ಲಿ ಫೋಟೊವನ್ನು ನೀನು ಯಾರಿಗೂ ಕಳಿಸಬೇಕಾಗಿಲ್ಲ, ಅದರ ಗುರುತು ಮಾತ್ರ ಹೋಗುತ್ತದೆ.

ಅಪ್ಪನ ವಿಷಯ. ಈಗಾಗಲೇ ಮಾವನಿಗೆ ಹೋಗಿದೆ. ನಾಳೆ ಅಪ್ಪನಿಗೂ ಬರಬಹುದು. ಆ ಕಳ್ಳ ಹೇಳುವ ಮೊದಲು ನೀನೇ ಹೇಳಬೇಕು. ನೇರ ಆಗದಿದ್ದರೆ ಅಮ್ಮನಿಗೋ, ಮಾವನಿಗೋ ಮೊದಲು ಹೇಳಿ ಅವರನ್ನು ಕರೆದುಕೊಂಡು ಹೋಗು.

ಅಪ್ಪನಿಗೂ ಒಂದು ಮಾತು, ಮಗಳು ಈ ಪುಟ ತೋರಿಸಿದರೆ ಓದಲಿ ಅಂತ: ಫೀಸು ಕೇಳಲು ಹೆದರಿ ನಿಮ್ಮ ಮಗಳು ಅಪರಿಚಿತರ ಹತ್ತಿರ 2,000 ಕೇಳಿದ್ದಾಳೆ. ಅವಳನ್ನು ಕಾಲೇಜು ಬಿಡಿಸಿದರೆ ಆ ಕಳ್ಳರು ಗೆದ್ದ ಹಾಗೆ. ಅವಳ ಜತೆ ಠಾಣೆಗೆ ಹೋಗಿ.

ಪ್ರಶ್ನೆ: ನಾನು ಬೆಂಗಳೂರಿನ ಒಂದು ಕಾಲ್ ಸೆಂಟರ್‌ನಲ್ಲಿ ವಸೂಲಿ ಫೋನ್ ಮಾಡುವ ಕೆಲಸ ಮಾಡುತ್ತೇನೆ. ಕನ್ನಡ ಬರುತ್ತದೆ ಅಂತ ತೆಗೆದುಕೊಂಡರು. ಹೆಂಡತಿ, ಅಮ್ಮನ ಬಗ್ಗೆ ಏನು ಬೈಯಬೇಕು ಅಂತ ಬರೆದುಕೊಟ್ಟಿದ್ದಾರೆ. ಬೈಯದಿದ್ದರೆ ಇನ್‌ಸೆಂಟಿವ್ ಇಲ್ಲ. ರಾತ್ರಿ ನಿದ್ದೆ ಬರುವುದಿಲ್ಲ. ಕೆಲಸ ಬಿಟ್ಟರೆ ಬಾಡಿಗೆ ಕಟ್ಟುವುದು ಹೇಗೆ? — ಬೊಮ್ಮನಹಳ್ಳಿ

ಉತ್ತರ: ನಿಮ್ಮ ಪತ್ರವನ್ನು ಮೇಲಿನ ಪತ್ರಗಳ ಜತೆಗೇ ಹಾಕಿದ್ದೇನೆ. ನೀವು ಫೋನ್ ಮಾಡಿದಾಗ ಆ ಕಡೆ ಎತ್ತುವವರು ಇವರೇ. ನಿದ್ದೆ ಬರದಿರುವುದು ಸಹಜ.

ಬಾಡಿಗೆಯ ಕಷ್ಟ ನನಗೆ ಅರ್ಥ ಆಗುತ್ತದೆ. ಆದರೂ ಆ ಕೆಲಸ ಬಿಡಿ ಅಂತಲೇ ಹೇಳುತ್ತೇನೆ. ‘ಮೇಲಿನವರು ಹೇಳಿದರು, ಬೈದೆ’ ಅನ್ನುವುದು ಪೊಲೀಸರ ಮುಂದೆ ನಡೆಯುವುದಿಲ್ಲ. ಕೇಸ್ ಆದಾಗ ಮೊದಲು ಸಿಗುವುದು ಫೋನ್ ಮಾಡಿದವರ ದನಿ, ನಂಬರ್. ಮಾಲೀಕ ಎಲ್ಲಿರುತ್ತಾನೋ ಯಾರಿಗೂ ಗೊತ್ತಿರುವುದಿಲ್ಲ.

ವಸೂಲಿ ಕೆಲಸವೇ ಕೆಟ್ಟದ್ದಲ್ಲ. ಬ್ಯಾಂಕಿನ ಏಜೆಂಟರಿಗೆ ಐಐಬಿಎಫ್ ಅನ್ನುವ ಬ್ಯಾಂಕಿಂಗ್ ತರಬೇತಿ ಸಂಸ್ಥೆಯ ತರಬೇತಿ, ಪರೀಕ್ಷೆ ಇದೆ. ಆ ಸರ್ಟಿಫಿಕೇಟ್ ಮಾಡಿಕೊಂಡರೆ ನಿಯಮದಲ್ಲಿ ನಡೆಯುವ ಏಜೆನ್ಸಿಗಳಲ್ಲಿ ಕೆಲಸ ಹುಡುಕಬಹುದು. ಜನರ ಜತೆ ಕನ್ನಡದಲ್ಲಿ ಸಮಾಧಾನವಾಗಿ ಮಾತಾಡಿ, ಅವರಿಗೆ ಆಗುವ ಕಂತು ಹೊಂದಿಸಿ ಕೊಡುವವರು ಆ ಕೆಲಸಕ್ಕೆ ತುಂಬಾ ಬೇಕು.

ಬಿಡುವ ಮೊದಲು ಒಂದು ಕೆಲಸ ಮಾಡಿ. ನಿಮಗೆ ಬರೆದುಕೊಟ್ಟ ಆ ಬೈಗುಳದ ಹಾಳೆಯ ಫೋಟೊ, ಆಫರ್ ಲೆಟರ್, ಸಂಬಳ ಬಂದ ಖಾತೆಯ ವಿವರ, ಕಚೇರಿಯ ವಿಳಾಸ ಜೋಪಾನ ಮಾಡಿ. ಸಾಲಗಾರರ ಪಟ್ಟಿಯನ್ನು ಮಾತ್ರ ಮನೆಗೆ ತರಬೇಡಿ, ಅದು ಬೇರೆಯವರ ಗುಟ್ಟು. 15100ಕ್ಕೆ ಫೋನ್ ಮಾಡಿ ವಕೀಲರನ್ನು ಕೇಳಿ, ಅವರ ಜತೆಗೇ ಸೈಬರ್ ಠಾಣೆಗೆ ಹೋಗಿ ದೂರು ಕೊಡಿ. ಒಳಗಿನವರೊಬ್ಬರು ಬಾಯಿ ಬಿಟ್ಟರೆ ಎಷ್ಟೋ ಮನೆಗಳ ಫೋನ್ ನಿಲ್ಲುತ್ತದೆ. ದೂರು ಬರೆಯುವುದು ಹೇಗೆ ಅಂತ ಗೊತ್ತಾಗದಿದ್ದರೆ ಪತ್ರಿಕೆಯ ವಿಳಾಸಕ್ಕೆ ಇನ್ನೊಮ್ಮೆ ಬರೆಯಿರಿ, ಕರಡು ನಾನೇ ಮಾಡಿಕೊಡುತ್ತೇನೆ.